ಸರ್ಕಾರ ಮುಚ್ಚಿತ್ತು, ಬಿದ್ದಿರಲಿಲ್ಲ

ಮೇರಿಲ್ಯಾಂಡಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುತ್ತೇನೆ. ತರಗತಿಯ ಮಕ್ಕಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಬದಲಾಗುವುದಿಲ್ಲ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಒಟ್ಟು 43 ದಿನ, ಇಲ್ಲಿನ ಕೇಂದ್ರ ಸರ್ಕಾರ ಬಾಗಿಲು ಹಾಕಿಕೊಂಡಿತ್ತು. ಆಗ ಹುಟ್ಟಿದ ಒಂದು ಪ್ರಶ್ನೆ ವೇಷ ಬದಲಿಸಿಕೊಂಡು ಇನ್ನೂ ಬರುತ್ತಲೇ ಇದೆ. ಈ ಸಲ ಅದನ್ನು ಮುಗಿಸಿಬಿಡೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮುಂದೆ ‘ಕಾಂಗ್ರೆಸ್’ ಎಂದು ಬಂದಲ್ಲೆಲ್ಲ ಅದು ಅಮೆರಿಕದ ಸಂಸತ್ತಿನ ಹೆಸರು, ಪಕ್ಷವಲ್ಲ. ಇದನ್ನೂ ಬಿಡಿಸಿ ಹೇಳಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ಪ್ರಶ್ನೆ: ಮೇಡಂ, ಟ್ರಂಪ್ ಅವರ ಪಕ್ಷಕ್ಕೆ ಎರಡೂ ಸದನಗಳಲ್ಲಿ ಬಹುಮತವಿತ್ತು. ಆದರೂ ಸರ್ಕಾರ ಬಿದ್ದದ್ದು ಹೇಗೆ? ಬಿದ್ದ ಮೇಲೆ ಚುನಾವಣೆ ಏಕೆ ನಡೆಯಲಿಲ್ಲ? (ದಾವಣಗೆರೆಯ ನಿವೃತ್ತ ಬ್ಯಾಂಕ್ ನೌಕರರು)

ಬೀಳಲಿಲ್ಲ ಸ್ವಾಮಿ. ದಯವಿಟ್ಟು ಆ ಕ್ರಿಯಾಪದವನ್ನು ಬಿಟ್ಟುಬಿಡಿ. ನಿಮ್ಮ ತಪ್ಪಲ್ಲ, ‘ಸರ್ಕಾರ’ ಎಂಬ ಪದದ ತಪ್ಪು. ನಮ್ಮ ಕಿವಿಗೆ ಸರ್ಕಾರವೆಂದರೆ ಪ್ರಧಾನಿ ಮತ್ತು ಅವರ ಸಂಪುಟ. ಲೋಕಸಭೆಯ ಬಹುಮತವೇ ಅದರ ಉಸಿರು. 1999ರ ಏಪ್ರಿಲ್‌ನಲ್ಲಿ ಒಂದೇ ಒಂದು ಮತದಿಂದ ವಾಜಪೇಯಿ ಸರ್ಕಾರ ಹೋದದ್ದನ್ನು ಕಂಡವರು ನಾವು. ಇಲ್ಲಿ ಅಧ್ಯಕ್ಷರು ನಾಲ್ಕು ವರ್ಷಕ್ಕೆ ಆಯ್ಕೆಯಾದವರು, ಕಾಂಗ್ರೆಸ್ಸಿನ ವಿಶ್ವಾಸಮತ ಅವರಿಗೆ ಬೇಕಾಗಿಯೇ ಇಲ್ಲ. ಮುಚ್ಚುವುದು ಕಚೇರಿಗಳು. ಅಧ್ಯಕ್ಷರು ಶ್ವೇತಭವನದಲ್ಲೇ ಇರುತ್ತಾರೆ, ಸದಸ್ಯರೂ ತಮ್ಮ ಕುರ್ಚಿಗಳಲ್ಲೇ ಇರುತ್ತಾರೆ.

ಈಗ ಹಣದ ವಿಷಯ. ಕಾಂಗ್ರೆಸ್ ಕಾನೂನು ಮಾಡಿ ಕೊಡದೆ ಖಜಾನೆಯಿಂದ ಬಿಡಿಗಾಸೂ ತೆಗೆಯುವಂತಿಲ್ಲ ಎಂದು ಸಂವಿಧಾನದ ಮೊದಲ ವಿಧಿಯಲ್ಲೇ ಇದೆ. ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಆರಂಭ. ಅಷ್ಟರೊಳಗೆ 12 ಧನವಿನಿಯೋಗ ಮಸೂದೆಗಳು ಪಾಸಾಗಬೇಕು. ಈಗಿನ ಬಜೆಟ್ ಪದ್ಧತಿಯನ್ನು ತಂದದ್ದು 1974ರ ಕಾನೂನು. ಅಲ್ಲಿಂದೀಚೆಗೆ ಇಂಥ ಮಸೂದೆಗಳೆಲ್ಲವೂ ಹೊತ್ತಿಗೆ ಸರಿಯಾಗಿ ಪಾಸಾದದ್ದು ನಾಲ್ಕೇ ಬಾರಿ. ಉಳಿದ ವರ್ಷಗಳಲ್ಲಿ ನಮ್ಮ ಲೇಖಾನುದಾನವನ್ನು ಹೋಲುವ ತಾತ್ಕಾಲಿಕ ಮಸೂದೆಯೇ ಗತಿ. 2025ರಲ್ಲಿ ಸಿಕ್ಕಿಹಾಕಿಕೊಂಡದ್ದು ಆ ತಾತ್ಕಾಲಿಕವೇ.

ಕೆಳಮನೆಯಾದ ಪ್ರತಿನಿಧಿ ಸಭೆ ಅದನ್ನು ಸೆಪ್ಟೆಂಬರ್ 19ರಂದು 217–212ರಲ್ಲಿ ಪಾಸು ಮಾಡಿತು. ಎಡವಿದ್ದು ಮೇಲ್ಮನೆಯಾದ ಸೆನೆಟ್‌ನಲ್ಲಿ. ಅಲ್ಲಿ ಆಳುವ ಪಕ್ಷಕ್ಕೆ 53 ಸ್ಥಾನ, ಎದುರು ಪಾಳಯಕ್ಕೆ 47. ‘53 ಇದ್ದರೆ ಸಾಲದೇ?’ ಎಂದು ನೀವು ಕೇಳುತ್ತೀರಿ ಎಂದು ಗೊತ್ತು, ಎಲ್ಲರೂ ಕೇಳುತ್ತಾರೆ. ಮಸೂದೆ ಪಾಸಾಗಲು 51 ಸಾಕು. ಆದರೆ ಮತಕ್ಕೆ ಹಾಕುವ ಮೊದಲು ಚರ್ಚೆ ಮುಗಿಯಬೇಕು, ಮುಗಿಸೋಣ ಎಂಬ ನಿಲುವಳಿಗೆ 60 ಮತ ಬೇಕು. ಈ ಅರವತ್ತು ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಅದು ಸೆನೆಟ್ ತನಗೆ ತಾನೇ ಹಾಕಿಕೊಂಡ ಕಟ್ಟು: 1917ರಲ್ಲಿ ಮೂರನೇ ಎರಡರಷ್ಟು ಎಂದಿದ್ದದ್ದು 1975ರಲ್ಲಿ ಅರವತ್ತಕ್ಕೆ ಇಳಿಯಿತು. ರಾತ್ರಿಯಿಡೀ ನಿಂತು ಭಾಷಣ ಬಿಗಿಯುವ ಸೆನೆಟರ್‌ನ ಚಿತ್ರ ನಿಮ್ಮ ತಲೆಯಲ್ಲಿದ್ದರೆ ಅದನ್ನೂ ತೆಗೆದುಹಾಕಿ. ಈಗ ಯಾರೂ ನಿಲ್ಲಬೇಕಾಗಿಲ್ಲ, ಬಾಯಿ ತೆರೆಯಬೇಕಾಗಿಲ್ಲ. ಅರವತ್ತು ಸೇರಲಿಲ್ಲವೆಂದರೆ ಕೆಲಸ ನಿಂತಿತು, ಅಷ್ಟೇ.

ಸೆಪ್ಟೆಂಬರ್ 30ರಂದು ಪರವಾಗಿ ಬಿದ್ದ ಮತ 55: ಆಳುವ ಪಕ್ಷದ 52 (ಒಬ್ಬರು ಕೊನೆಯವರೆಗೂ ವಿರುದ್ಧವೇ), ಎದುರು ಪಾಳಯದ ಮೂರು. ಆ ಒಂದೇ ಮಸೂದೆ ಸೆನೆಟ್‌ನಲ್ಲಿ ಹದಿನಾಲ್ಕು ಬಾರಿ ಸೋತಿತು. ಬಲಗೋಡೆಯ ಕರಿಹಲಗೆಯ ಮೂಲೆಯಲ್ಲಿ ನನ್ನ ಮಕ್ಕಳು ಸೀಮೆಸುಣ್ಣದಿಂದ ಗೀಟು ಎಳೆಯುತ್ತಾ ಬಂದರು, ನಾಲ್ಕು ಗೀಟಿಗೆ ಒಂದು ಅಡ್ಡಗೀಟು, ಹಾಲಿನ ಲೆಕ್ಕದ ಹಾಗೆ. ಡೆಮಾಕ್ರಟಿಕ್ ಪಕ್ಷದ ಬೇಡಿಕೆ ಮುಖ್ಯವಾಗಿ ಒಂದು: ಆರೋಗ್ಯ ವಿಮೆಯ ಕಂತಿಗೆ ಸಿಗುತ್ತಿದ್ದ ಹೆಚ್ಚುವರಿ ನೆರವು ವರ್ಷಾಂತ್ಯಕ್ಕೆ ಮುಗಿಯುತ್ತಿತ್ತು, ಅದನ್ನು ಮುಂದುವರಿಸಿ ಎಂದು. ಮೊದಲು ಬಾಗಿಲು ತೆರೆಯಲಿ, ಆಮೇಲೆ ಮಾತು ಎಂದರು ರಿಪಬ್ಲಿಕನ್ನರು. ಅರವತ್ತರ ನಿಯಮವನ್ನೇ ಕಿತ್ತುಹಾಕಿ ಎಂದು ಅಧ್ಯಕ್ಷರು ತಮ್ಮ ಪಕ್ಷಕ್ಕೆ ಬಹಿರಂಗವಾಗಿಯೇ ಹೇಳಿದರು. ಸೆನೆಟ್‌ನ ಬಹುಮತದ ನಾಯಕ ಜಾನ್ ಥೂನ್ ಒಪ್ಪಲಿಲ್ಲ. ತತ್ವನಿಷ್ಠೆ ಎನ್ನುವವರು ಎನ್ನಲಿ. ನಾಳೆ ತಾವೇ ಅಲ್ಪಮತಕ್ಕೆ ಇಳಿದಾಗ ಅದೇ ನಿಯಮ ಕಾಪಾಡುತ್ತದೆ ಎಂಬ ಲೆಕ್ಕಾಚಾರ ಎನ್ನುತ್ತೇನೆ ನಾನು. ನವೆಂಬರ್ 9ರ ಭಾನುವಾರ ರಾತ್ರಿ ಎದುರು ಪಾಳಯದಿಂದ ಬಂದವರ ಸಂಖ್ಯೆ ಮೂರರಿಂದ ಎಂಟಕ್ಕೆ ಏರಿತು, ಸರಿಯಾಗಿ ಅರವತ್ತಾಯಿತು. ಸೆನೆಟ್ ತಿದ್ದಿ ಕಳುಹಿಸಿದ ಮಸೂದೆಯನ್ನು ಮೂರು ದಿನಗಳ ನಂತರ ಪ್ರತಿನಿಧಿ ಸಭೆ 222–209ರಲ್ಲಿ ಒಪ್ಪಿತು, ಅದೇ ರಾತ್ರಿ ಅಧ್ಯಕ್ಷರ ಸಹಿ ಬಿತ್ತು. ವಿಮೆಯ ನೆರವು ಅದರಲ್ಲಿ ಇರಲಿಲ್ಲ.

ಇದನ್ನು ನಮ್ಮ ರಾಜ್ಯಸಭೆಯ ಪಕ್ಕಕ್ಕಿಟ್ಟು ನೋಡಿ. ಹಣಕಾಸು ಮಸೂದೆಯನ್ನು ರಾಜ್ಯಸಭೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವಂತಿಲ್ಲ. ಇನ್ನು ಲೋಕಸಭೆಯಲ್ಲೇ ಬಜೆಟ್ ಸೋತರೆ ಸರ್ಕಾರ ಗಂಟುಮೂಟೆ ಕಟ್ಟಬೇಕು. ಆ ಭಯ ಇರುವುದರಿಂದಲೇ ಅಲ್ಲಿ ಬಜೆಟ್ ಹೊತ್ತಿಗೆ ಸರಿಯಾಗಿ ಪಾಸಾಗುತ್ತದೆ. ಇಲ್ಲಿ ಯಾರೂ ಬೀಳುವುದಿಲ್ಲ, ಹಾಗಾಗಿ ಯಾರಿಗೂ ಆತುರವಿಲ್ಲ. ಸರ್ಕಾರ ಬೀಳಲಾರದ್ದಕ್ಕೇ ಮುಚ್ಚುತ್ತದೆ.

‘ಇದು ಅಮೆರಿಕದ ಇನ್ನೂರು ವರ್ಷದ ಸಂಪ್ರದಾಯ’ ಎಂದು ಯೂಟ್ಯೂಬ್‌ನಲ್ಲಿ ಒಬ್ಬ ಪಂಡಿತರು ಹೇಳಿದ್ದನ್ನು ನಾಲ್ವರು ನನಗೆ ಕಳುಹಿಸಿದ್ದಾರೆ. ಶುದ್ಧ ಸುಳ್ಳು. 1970ರ ದಶಕದಲ್ಲೂ ಹಣದ ಮಂಜೂರಾತಿ ತಪ್ಪಿದ್ದುಂಟು, ಆದರೆ ಕಚೇರಿಗಳು ತೆರೆದೇ ಇರುತ್ತಿದ್ದವು. ಮಂಜೂರಾತಿ ಇಲ್ಲದಿದ್ದರೆ ಕೆಲಸ ನಿಲ್ಲಿಸಲೇಬೇಕು ಎಂದು 1980ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಅಭಿಪ್ರಾಯ ಕೊಟ್ಟರು. ಹಳೆಯ ಕಾನೂನಿಗೆ ಹೊಸ ಓದು. ಈಗಿನ ಶಟ್‌ಡೌನ್ ಹುಟ್ಟಿದ್ದು ಆ ಕಾಗದದಿಂದ. ಅಲ್ಲಿಂದ 1995–96ರಲ್ಲಿ 21 ದಿನ, 2013ರಲ್ಲಿ 16, 2018–19ರಲ್ಲಿ 35, 2025ರಲ್ಲಿ 43.

ಅದು ಹತ್ತಿರದಿಂದ ಹೇಗಿರುತ್ತದೆ ಎಂಬುದನ್ನೂ ಹೇಳುತ್ತೇನೆ. ನನ್ನ ತರಗತಿಯ ಒಬ್ಬ ಹುಡುಗನ ತಾಯಿ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ತಪಾಸಣೆ ಮಾಡುವವರು. ಅಗತ್ಯ ಸೇವೆ ಎಂಬ ಕಾರಣಕ್ಕೆ ದಿನವೂ ಕೆಲಸಕ್ಕೆ ಹೋಗಲೇಬೇಕು, ಸಂಬಳ ಮಾತ್ರ ಇಲ್ಲ. ಅಕ್ಟೋಬರ್ ಕೊನೆಗೆ ಆ ಹುಡುಗ ತಾಯಿಯ ಸಂಬಳದ ಚೀಟಿ ತಂದು ತೋರಿಸಿದ. ದುಡಿದ ಗಂಟೆಗಳೆಲ್ಲ ಸರಿಯಾಗಿ ಮೂಡಿದ್ದವು, ಕೆಳಗೆ ಕೈಗೆ ಬರುವ ಮೊತ್ತದ ಜಾಗದಲ್ಲಿ ಬರೀ ಸೊನ್ನೆಗಳು. ಡ್ಯೂಟಿ ಮುಗಿಸಿ ಆಕೆ ರಾತ್ರಿ ಮನೆಮನೆಗೆ ಊಟದ ಪೊಟ್ಟಣ ತಲುಪಿಸುತ್ತಿದ್ದರು. ಬಾಕಿ ಸಂಬಳ ಕೊನೆಗೆ ಬಂತು, ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಅದೇ ಕಟ್ಟಡಗಳಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುವವರಿಗೆ, ಕ್ಯಾಂಟೀನ್ ನಡೆಸುವವರಿಗೆ ಅಂಥ ಭರವಸೆ ಏನೂ ಇಲ್ಲ. ಹೋದ ದಿನ ಹೋಯಿತು. ನವೆಂಬರ್ ಹುಟ್ಟುತ್ತಿದ್ದಂತೆ ಸುಮಾರು 4.2 ಕೋಟಿ ಜನರ ಆಹಾರ ನೆರವಿಗೂ ಕತ್ತರಿ ಬಿತ್ತು. ‘ಮನೆ ಯಜಮಾನರು ಜಗಳವಾಡಿ ಒಲೆ ಹಚ್ಚಲಿಲ್ಲ’ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ಅವರಿಗೆ ತಕ್ಷಣ ಅರ್ಥವಾಯಿತು.

ಪ್ರಶ್ನೆ: ಅದೇ ವರ್ಷ ಟ್ರಂಪ್ ಅವರ ದೊಡ್ಡ ತೆರಿಗೆ ಮಸೂದೆ 51 ಮತಕ್ಕೇ ಪಾಸಾಯಿತಲ್ಲ? (ಶಿವಮೊಗ್ಗ)

ಆಯಿತು. 2025ರ ಜುಲೈ 1ರಂದು 50–50 ಆಗಿ, ಉಪಾಧ್ಯಕ್ಷ ವ್ಯಾನ್ಸ್ ಅವರ ಮತದಿಂದ. ತೆರಿಗೆಗೂ ಕೆಲವು ಕಾಯಂ ವೆಚ್ಚಗಳಿಗೂ ‘ರೀಕನ್ಸಿಲಿಯೇಷನ್’ ಎಂಬ ಒಳದಾರಿ ಇದೆ, ಅದರಲ್ಲಿ ಅರವತ್ತರ ಗೇಟು ಇಲ್ಲ. ಕಚೇರಿ ನಡೆಸುವ ವಾರ್ಷಿಕ ಮಂಜೂರಾತಿ ಆ ದಾರಿಯಲ್ಲಿ ಬರುವುದಿಲ್ಲ. ಒಳ್ಳೆಯ ಪ್ರಶ್ನೆ, ಈ ತಿಂಗಳಲ್ಲಿ ಬಂದ ಒಂದೇ ಒಳ್ಳೆಯ ಪ್ರಶ್ನೆ.

ಪ್ರಶ್ನೆ: ಅಧ್ಯಕ್ಷರು ಸುಗ್ರೀವಾಜ್ಞೆ ತಂದು ಹಣ ಬಿಡುಗಡೆ ಮಾಡಬಹುದಿತ್ತಲ್ಲ?

ಸುಗ್ರೀವಾಜ್ಞೆ ನಮ್ಮ ರಾಷ್ಟ್ರಪತಿಗಳಿಗಿದೆ, ಇಲ್ಲಿನ ಅಧ್ಯಕ್ಷರಿಗಿಲ್ಲ. ಅವರು ಸಹಿ ಹಾಕಿ ಕ್ಯಾಮೆರಾಕ್ಕೆ ತೋರಿಸುವ ಆದೇಶಗಳು ಇರುವ ಕಾನೂನಿನೊಳಗೆ ಅಧಿಕಾರಿಗಳಿಗೆ ಕೊಡುವ ಸೂಚನೆಗಳು. ಆದರೆ ಅಕ್ಟೋಬರ್‌ನಲ್ಲಿ ಸೈನಿಕರ ಸಂಬಳಕ್ಕೆಂದು ರಕ್ಷಣಾ ಸಂಶೋಧನೆಯ ಉಳಿಕೆ ಹಣವನ್ನು ತಿರುಗಿಸಿದರು. ಸೈನಿಕರಿಗೆ ಸಂಬಳ ಬೇಡ ಎಂದು ಯಾರು ಹೇಳಿಯಾರು? ಹಾಗಾಗಿ ಗದ್ದಲವಾಗಲಿಲ್ಲ. ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಬಳಸಲು ಅನುಮತಿ ಕೊಟ್ಟವರು ಯಾರು ಎಂದು ನನ್ನ ಮಕ್ಕಳು ಕೇಳಿದರು. ನೀವು ಯಾರೂ ಕೇಳಲಿಲ್ಲ.

ಪ್ರಶ್ನೆ: ಹಾಗಾದರೆ 2026ರ ನವೆಂಬರಿನ ‘ಮಧ್ಯಂತರ ಚುನಾವಣೆ’?

ನಿಗದಿತ ಚುನಾವಣೆ, ಸರ್ಕಾರ ಬಿದ್ದು ಬಂದದ್ದಲ್ಲ. ಪತ್ರಿಕೆಯವರು ಎರಡಕ್ಕೂ ಒಂದೇ ಪದ ಬಳಸುವುದನ್ನು ನಿಲ್ಲಿಸಿದರೆ ನನ್ನ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಪ್ರಶ್ನೆ: ಶಟ್‌ಡೌನ್ ಆದರೆ ವೀಸಾ ಸಂದರ್ಶನ ರದ್ದಾಗುತ್ತದೆ, ಇಪ್ಪತ್ತು ಸಾವಿರ ಕೊಟ್ಟರೆ ಮೊದಲೇ ದಿನಾಂಕ ಕೊಡಿಸುತ್ತೇನೆ ಎಂದು ಏಜೆಂಟ್ ಹೇಳುತ್ತಿದ್ದಾರೆ. (ಬೆಂಗಳೂರು)

ಕೊಡಬೇಡಿ. ಕಾನ್ಸುಲೇಟುಗಳ ವೀಸಾ ಕೆಲಸ ಬಹುಪಾಲು ನೀವು ಕಟ್ಟುವ ಶುಲ್ಕದಿಂದಲೇ ನಡೆಯುತ್ತದೆ, ಹಾಗಾಗಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಿಂತದ್ದು ಬೇರೆಯದು: ಎಚ್-1ಬಿಗೆ ಮೊದಲು ಬೇಕಾದ ಕಾರ್ಮಿಕ ಇಲಾಖೆಯ ಎಲ್‌ಸಿಎ, ಅಂದರೆ ಸಂಬಳ ಮತ್ತು ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಸಲ್ಲಿಸುವ ಅರ್ಜಿಗೆ ಸಿಗುವ ಒಪ್ಪಿಗೆ. ಅದರ ಬಗ್ಗೆ ಆ ಏಜೆಂಟ್ ಮಹಾಶಯನಿಗೆ ಗೊತ್ತೇ ಇರುವುದಿಲ್ಲ. ನಾನು ವಕೀಲೆಯಲ್ಲ, ನಿಮ್ಮ ಅರ್ಜಿಯ ಬಗ್ಗೆ ನನ್ನ ಮಾತು ನಂಬಿ ಟಿಕೆಟ್ ಬದಲಿಸಬೇಡಿ.

ಪ್ರಶ್ನೆ: ಡಾಲರ್ ಮುಳುಗುತ್ತದೆಯೇ? ಮಗನಿಗೆ ಹಣ ತೆಗೆದಿಡಲು ಹೇಳಲೇ?

ಅದು ಸಾಲದ ಮಿತಿಯ ಪ್ರಶ್ನೆ, ಅಂದರೆ ಸರ್ಕಾರ ಎಷ್ಟು ಸಾಲ ಎತ್ತಬಹುದು ಎಂಬುದು; ಇದು ಮಂಜೂರಾತಿಯ ಪ್ರಶ್ನೆ. ಬೇಡ.

ಪ್ರಶ್ನೆ: ಎರಡು ಬಾರಿ ವಾಗ್ದಂಡನೆ ಆದವರು ಮತ್ತೆ ಅಧ್ಯಕ್ಷರಾದದ್ದು ಹೇಗೆ? ಮೂರನೇ ಬಾರಿಯೂ ಆಗುತ್ತಾರಂತೆ?

ಪ್ರತಿನಿಧಿ ಸಭೆ ಹಾಕುವುದು ದೋಷಾರೋಪ ಪಟ್ಟಿ. ತೀರ್ಪು ಸೆನೆಟ್‌ನದು, ಅದಕ್ಕೆ ಮೂರನೇ ಎರಡರಷ್ಟು ಮತ ಬೇಕು. ಎರಡೂ ಸಲ ಸಿಗಲಿಲ್ಲ. ಮೂರನೇ ಬಾರಿ ಚುನಾಯಿತರಾಗುವುದನ್ನು 1951ರ 22ನೇ ತಿದ್ದುಪಡಿ ತಡೆಯುತ್ತದೆ. ಅದನ್ನು ಓದಿ, ಮೀಮ್‌ಗಳನ್ನಲ್ಲ.

ಪ್ರಶ್ನೆ: ನೌಕರರಿಗೆ ಸಂಬಳವಿಲ್ಲದಾಗ ಸೆನೆಟರ್‌ಗಳಿಗೆ ಏಕೆ ಇತ್ತು? ಅದನ್ನು ಕತ್ತರಿಸಿದರೆ ಬುದ್ಧಿ ಬರುತ್ತದೆ. (ಧಾರವಾಡದ ಶಿಕ್ಷಕಿ)

ನಿಮ್ಮ ಕೋಪ ನನ್ನದೂ ಹೌದು. ಆದರೆ ಅವರ ಸಂಬಳಕ್ಕೆ ವಾರ್ಷಿಕ ಮಂಜೂರಾತಿ ಬೇಕಿಲ್ಲ. ಜೊತೆಗೆ, ನಡುವೆ ಒಂದು ಚುನಾವಣೆ ಆಗುವವರೆಗೆ ಸದಸ್ಯರ ಸಂಬಳ ಬದಲಿಸುವ ಕಾನೂನು ಜಾರಿಗೆ ಬರುವಂತಿಲ್ಲ ಎನ್ನುತ್ತದೆ 27ನೇ ತಿದ್ದುಪಡಿ. ನೀವೂ ಶಿಕ್ಷಕಿಯಾದ್ದರಿಂದ ಅದರ ಕತೆ ಹೇಳುತ್ತೇನೆ. 1789ರಲ್ಲಿ ರಾಜ್ಯಗಳ ಒಪ್ಪಿಗೆಗೆ ಹೋಗಿ ಮೂಲೆ ಸೇರಿದ್ದ ಅದನ್ನು ಈಗಲೂ ಜಾರಿ ಮಾಡಬಹುದು ಎಂದು 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗ್ರೆಗರಿ ವಾಟ್ಸನ್ ಪ್ರಬಂಧ ಬರೆದರು. ಸಿ ಗ್ರೇಡ್ ಬಂತು. ಸಿಟ್ಟಿಗೆ ರಾಜ್ಯ ರಾಜ್ಯಕ್ಕೂ ಪತ್ರ ಬರೆಯುತ್ತಾ ಹೋದರು, 1992ರಲ್ಲಿ ಅದು ಸಂವಿಧಾನಕ್ಕೆ ಸೇರಿಯೇಬಿಟ್ಟಿತು. ಗ್ರೇಡು ಎ ಆಗಲು 2017 ಬರಬೇಕಾಯಿತು. ಆ ಸುದ್ದಿ ಓದಿದಂದಿನಿಂದ ಸಿ ಕೊಡುವ ಮೊದಲು ನಾನು ಪ್ರಬಂಧವನ್ನು ಎರಡು ಸಲ ಓದುತ್ತೇನೆ. ಆಮೇಲೂ ಸಿ ಕೊಡುವುದೇ ಹೆಚ್ಚು.