ಎಡಿಟ್ ಅಂತ ಗೊತ್ತು ಮೇಡಂ, ಆದ್ರೂ...

ಈ ಹುಡುಗಿ ಒಪ್ಪಿಗೆ ಕೊಟ್ಟ ಮೇಲೇ ಬರೀತಾ ಇದೀನಿ, ಗುರುತು ಸಿಗೋ ವಿವರಗಳನ್ನೆಲ್ಲ ಬದಲಾಯಿಸಿದೀನಿ. ವಯಸ್ಸು 20ರ ಆಸುಪಾಸು, ಕಾಲೇಜಲ್ಲಿ ಓದ್ತಾ ಇದ್ಲು. ಅಮ್ಮ ನನ್ನ ಹತ್ರ ಕೌನ್ಸೆಲಿಂಗ್‌ಗೆ ಕರ್ಕೊಂಡು ಬಂದಿದ್ದು "ಕ್ಲಾಸಿಗೇ ಹೋಗ್ತಿಲ್ಲ ಮೇಡಂ, ಏನ್ ಕೇಳಿದ್ರೂ ರೇಗ್ತಾಳೆ" ಅಂತ.

ಅಮ್ಮನ್ನ ಹೊರಗೆ ಕೂರಿಸಿ ಮಾತಾಡಿಸಿದಾಗ ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ, ಆಮೇಲೆ ಶುರುವಾಯ್ತು ನೋಡಿ, ನಿಲ್ಲಿಸೋಕೇ ಆಗ್ಲಿಲ್ಲ. ಕ್ಲಾಸಲ್ಲಿ ಇವಳು ಪ್ರೆಸೆಂಟೇಶನ್ ಕೊಡೋದನ್ನ ಯಾರೋ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ್ರಂತೆ, ಅದ್ರಲ್ಲಿ ತನ್ನ ಮುಖ ಸೈಡಿಂದ ಕಂಡಿದ್ದು ನೋಡಿ "ಇದು ನಾನಾ?" ಅನ್ನಿಸಿಬಿಡ್ತಂತೆ, ಮೂಗು ದಪ್ಪ, ದವಡೆ ಇಲ್ವೇ ಇಲ್ಲ, ಮುಖ ಸೊಟ್ಟ, ಇದನ್ನೇ ಎಲ್ರೂ ದಿನಾ ನೋಡ್ತಿದಾರಾ ಅಂತ. ಅವತ್ತಿಂದ ಕ್ಲಾಸಲ್ಲಿ ಕೊನೇ ಬೆಂಚು, ಕೂದಲಿಂದ ಕೆನ್ನೆ ಮುಚ್ಕೊಳ್ಳೋದು, ಆಮೇಲೆ ಹೋಗೋದೇ ಬಿಟ್ಟಿದ್ದು.

ಯಾರ ಜೊತೆ ಹೋಲಿಸ್ಕೋತೀಯ ಅಂತ ಕೇಳ್ದೆ. ಹೀರೋಯಿನ್ ಹೆಸರೋ ಮಾಡೆಲ್ ಹೆಸರೋ ಬರುತ್ತೆ ಅಂತ ನೀವೂ ಅಂದ್ಕೊಂಡಿರ್ತೀರ. ಅವಳು ಫೋನ್ ತೆಗೆದು ತನ್ನದೇ ಫೋಟೋ ತೋರಿಸಿದ್ಲು. ಬ್ಯೂಟಿ ಫಿಲ್ಟರ್ ಹಾಕಿದ ಸೆಲ್ಫಿ, ಮೂಗು ಸಣ್ಣ, ಕಣ್ಣು ದೊಡ್ಡದು, ಚರ್ಮದಲ್ಲಿ ಒಂದು ರಂಧ್ರ ಕೂಡ ಇಲ್ಲ. "ಇವಳ ಥರ ಇರ್ಬೇಕಿತ್ತು ಮೇಡಂ" ಅಂದ್ಲು. ತನ್ನ ಬಗ್ಗೇನೇ "ಇವಳು" ಅಂತ ಹೇಳಿದ್ದು ಕೇಳಿ ನನಗೆ ನಿಜವಾಗ್ಲೂ ಸಂಕಟ ಆಯ್ತು. ಹಿಂದೆಲ್ಲ ಪೋಸ್ಟರ್ ಮೇಲಿನ ಮುಖ ಬೇರೆಯವರದ್ದು, ಅದು ನಮಗೆ ಸಿಗಲ್ಲ ಅಂತ ಎಲ್ಲೋ ಒಂದು ಕಡೆ ಗೊತ್ತಿರ್ತಿತ್ತು. ಈಗ ಸಿಗದೇ ಇರೋ ಮುಖಾನೇ ನಿನ್ನ ಮುಖ ಅಂತ ಫೋನ್ ತೋರಿಸ್ತಿದೆ.

ಇಂಥ ಕೇಸಲ್ಲಿ ಮೊದ್ಲು ಕೆಲವು ಪ್ರಶ್ನೆ ನೇರವಾಗಿ ಕೇಳ್ಲೇಬೇಕು. ದಿನಕ್ಕೆ ಎಷ್ಟು ಹೊತ್ತು ಇದೇ ಯೋಚನೆ? ಊಟ ಬಿಡ್ತಿದೀಯಾ, ತಿಂದಿದ್ದನ್ನ ವಾಂತಿ ಮಾಡ್ಕೋತೀಯಾ? ಬದುಕೇ ಬೇಡ ಅನ್ಸಿದ್ಯಾ? ಊಟದ ಸಮಸ್ಯೆ ಇರ್ಲಿಲ್ಲ, ಸಾಯೋ ಯೋಚನೆ ಬಂದಿಲ್ಲ ಅಂತ ಸ್ಪಷ್ಟವಾಗಿ ಹೇಳಿದ್ಲು. ಆದ್ರೆ ಕನ್ನಡಿ, ಸೆಲ್ಫಿ, ಮೂಗು ಮುಟ್ಟಿ ಮುಟ್ಟಿ ನೋಡ್ಕೊಳ್ಳೋದು ಎಲ್ಲ ಸೇರಿ ಎರಡು ಮೂರು ಗಂಟೆ ಹೋಗ್ತಿತ್ತು. ಬೇರೆಯವರ ಕಣ್ಣಿಗೆ ಕಾಣದ ಅಥವಾ ತೀರಾ ಸಣ್ಣ ಕೊರತೆಯೊಂದು ತಲೆ ತುಂಬ್ಕೊಂಡು ಓದು ಕೆಲಸ ನಿಂತುಹೋಗೋ ಕಾಯಿಲೆ ಇದೆ, ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅಂತಾರೆ, ಇಟಲಿಯ ಎನ್ರಿಕೋ ಮೊರ್ಸೆಲ್ಲಿ ಅನ್ನೋ ವೈದ್ಯರು 1891ರಲ್ಲೇ ಇದನ್ನ ದಾಖಲಿಸಿದಾರೆ, ಅಂದ್ರೆ ಇನ್‌ಸ್ಟಾಗ್ರಾಂ ತಂದ ಕಾಯಿಲೆ ಅಲ್ಲ ಇದು. ಇದಕ್ಕೆ ಔಷಧಿನೂ ಇದೆ, ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆನೂ ಇದೆ. ಹಾಗಾಗಿ ಮನೋವೈದ್ಯರ ಹತ್ರ ಒಂದ್ಸಲ ಕಳಿಸ್ದೆ. ಪೂರ್ತಿ ಆ ಮಟ್ಟಕ್ಕೆ ಹೋಗಿಲ್ಲ, ಕೌನ್ಸೆಲಿಂಗ್ ಮುಂದುವರೆಸಿ, ಗಮನ ಇಟ್ಟಿರಿ ಅಂದ್ರು.

"ಎಲ್ಲ ಎಡಿಟ್ ಅಂತ ಗೊತ್ತು ಮೇಡಂ, ಆದ್ರೂ ನೋಡಿದ ತಕ್ಷಣ ಹೊಟ್ಟೇಲಿ ಏನೋ ಆಗುತ್ತೆ" ಅಂತ ಅವಳು ಹೇಳಿದ ಮಾತು ಬಹಳ ಮುಖ್ಯ. ಬರೀ ತಿಳಿವಳಿಕೆ ಕೊಟ್ರೆ ಸಾಕು ಅಂತ ತುಂಬ ಜನ ನಂಬಿದಾರೆ. ಫ್ರಾನ್ಸಲ್ಲಿ 2017ರ ಅಕ್ಟೋಬರ್‌ನಿಂದ, ಜಾಹೀರಾತಲ್ಲಿ ಮಾಡೆಲ್ ಮೈಯನ್ನ ತೆಳ್ಳಗೋ ದಪ್ಪಗೋ ಮಾಡಿದ್ರೆ ಇದು ತಿದ್ದಿದ ಫೋಟೋ ಅಂತ ಬರೀಲೇಬೇಕು ಅನ್ನೋ ನಿಯಮ ಇದೆ. ನಿಯಮ ಒಳ್ಳೇದೇ, ಪ್ರಾಮಾಣಿಕತೆ ಬೇಕು. ಆದ್ರೆ ಇಂಥ ಲೇಬಲ್ ಹಾಕಿ ಮಾಡಿದ ಪ್ರಯೋಗಗಳಲ್ಲಿ ಹೆಚ್ಚಿನವು ಕಂಡಿದ್ದು, ಲೇಬಲ್ ಓದಿದವರಿಗೂ ತಮ್ಮ ಮೈ ಬಗ್ಗೆ ಬೇಸರ ಏನೂ ಕಮ್ಮಿ ಆಗಲ್ಲ ಅಂತ. ಕಣ್ಣು ಹೋಲಿಸಿ ಮುಗಿಸಿರುತ್ತೆ, ಬುದ್ಧಿ ಆಮೇಲೆ ಬರುತ್ತೆ. ಅದಕ್ಕೇ ನಾನು ಅವಳಿಗೆ ಪಾಠ ಮಾಡೋಕೆ ಹೋಗದೆ, ದಿನಾ ಮಾಡ್ತಿರೋ ಅಭ್ಯಾಸಗಳ ಮೇಲೆ ಕೆಲಸ ಮಾಡೋಣ ಅಂದೆ.

ಒಂದೇ ಒಂದು ವಿಷಯ ಮಾತ್ರ ವಿವರಿಸ್ದೆ, ಅದು ಅವಳ ಮೂಗಿಗೇ ಸಂಬಂಧಪಟ್ಟಿದ್ದು. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದಾರೆ, 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಇರೋದಕ್ಕಿಂತ ಸುಮಾರು 30% ಅಗಲ ಕಾಣುತ್ತೆ, 5 ಅಡಿ ದೂರದಿಂದ ತೆಗೆದ್ರೆ ಆ ದೋಷ ಇರಲ್ಲ. ಕ್ಯಾಮೆರಾಗೆ ಹತ್ರ ಇರೋ ಭಾಗ ದೊಡ್ಡದಾಗಿ ಕಾಣೋದು, ಅಷ್ಟೇ. ಮುಖ ಸೊಟ್ಟ ಅನ್ಸೋದಕ್ಕೂ ಕಾರಣ ಇದೆ, ನಾವು ಜೀವನಪೂರ್ತಿ ನೋಡಿರೋದು ಕನ್ನಡಿಯಲ್ಲಿ ಎಡ ಬಲ ಅದಲು ಬದಲಾದ ಮುಖಾನ, ವಿಡಿಯೋದಲ್ಲಿ ಸರಿಯಾದ ದಿಕ್ಕಲ್ಲಿ ಕಂಡಾಗ ಅದೇ ವಿಚಿತ್ರ ಅನ್ಸುತ್ತೆ. ನಮ್ಮ ಸ್ನೇಹಿತರಿಗೆ ಆ ದಿಕ್ಕಿನ ಮುಖಾನೇ ಇಷ್ಟ ಆಗುತ್ತೆ ಅಂತ 1977ರಷ್ಟು ಹಿಂದೇನೇ ಒಂದು ಅಧ್ಯಯನದಲ್ಲಿ ಕಂಡಿದೆ. ಇದನ್ನ ಹೇಳಿದ ಮೇಲೆ ಮೊದಲ ಸಲ ಮುಖದಿಂದ ಕೂದಲು ಸರಿಸಿ ಕೂತ್ಲು.

ಆಮೇಲೆ ಅಮ್ಮನ ಜೊತೆ ಮಾತು. ಆ ತಾಯಿ ತುಂಬ ಒಳ್ಳೆಯವರು. ಮಗಳು ದಿನಕ್ಕೆ ಎಷ್ಟೋ ಸಲ "ಅಮ್ಮಾ ನನ್ನ ಮೂಗು ಹೆಂಗಿದೆ" ಅಂತ ಕೇಳೋದು, ಇವರು ಪ್ರತಿ ಸಲ "ಚೆನ್ನಾಗೇ ಇದೆ ಕಣೇ" ಅನ್ನೋದು, ಐದು ನಿಮಿಷ ಸಮಾಧಾನ, ಮತ್ತೆ ಅದೇ ಪ್ರಶ್ನೆ. ನಾನು ಹೇಳ್ದೆ, "ನೋಡಿ, ನೀವು ಹೇಳ್ತಿರೋದು ನಿಜಾನೇ ಇರ್ಬಹುದು, ಆದ್ರೆ ಆ ಉತ್ತರ ತುರಿಕೆ ಕೆರೆದ ಹಾಗೆ, ಕೆರೆದಷ್ಟೂ ಜಾಸ್ತಿ ಆಗುತ್ತೆ. ಇನ್ಮೇಲೆ ಅವಳು ಕೇಳಿದಾಗ, ನಿನಗೆ ಈಗ ಗಾಬರಿ ಆಗ್ತಿದೆ ಅಂತ ಗೊತ್ತಾಗ್ತಿದೆ ಪುಟ್ಟಾ, ಮೂಗಿನ ಬಗ್ಗೆ ನಾನು ಉತ್ತರ ಕೊಡಲ್ಲ, ಬಾ ಇಲ್ಲಿ ಕೂತ್ಕೋ ಅನ್ನಿ." ಅವರಿಗೆ ಇದು ಕಷ್ಟ ಆಯ್ತು, ಕಣ್ಣಲ್ಲಿ ನೀರು ಬಂತು, ಮಗಳನ್ನ ಚೆಂದ ಅನ್ನಬಾರದು ಅಂದ್ರೆ ಯಾವ ತಾಯಿಗೆ ತಾನೇ ಸುಲಭ. ಪ್ರೀತಿ ತೋರಿಸ್ಬೇಡಿ ಅಂತ ನಾನು ಹೇಳ್ತಿಲ್ಲ, ಪ್ರೀತಿನ ಮೂಗಿನ ಉತ್ತರದಿಂದ ಬೇರೆ ಮಾಡಿ ಅಂತ ಹೇಳ್ತಿರೋದು ಅಂತ ಬಿಡಿಸಿ ಹೇಳ್ದೆ. ಇನ್ನೊಂದನ್ನೂ ಕೇಳ್ಕೊಂಡೆ, ಮಗಳೆದುರು ಕನ್ನಡಿ ಮುಂದೆ ನಿಂತು "ಥೂ ಎಷ್ಟು ದಪ್ಪ ಆಗ್ಬಿಟ್ಟೆ" ಅಂತ ತಮ್ಮನ್ನ ತಾವೇ ಬೈಕೊಳ್ಳೋದನ್ನ ನಿಲ್ಲಿಸಿ ಅಂತ. ಮಕ್ಕಳು ಅದನ್ನೂ ಕಲೀತಾರೆ.

"ನಮ್ಮ ಕಾಲದಲ್ಲೂ ಹೀರೋಯಿನ್‌ಗಳಿದ್ರಲ್ಲ ಮೇಡಂ, ನಾವೇನು ಹಿಂಗಾಗ್ಲಿಲ್ಲ" ಅಂದ್ರು ಅವರು. ಫಿಜಿ ದ್ವೀಪದ ಕಥೆ ಹೇಳ್ದೆ. ಅಲ್ಲಿ ಮೈತುಂಬಿಕೊಂಡಿರೋದೇ ಚೆಂದ ಅಂತ ಇದ್ದ ಒಂದು ಪ್ರದೇಶಕ್ಕೆ 1995ರಲ್ಲಿ ಟಿವಿ ಬಂತು. ಟಿವಿ ಬಂದ ಹೊಸದರಲ್ಲಿ ಆನ್ ಬೆಕರ್ ಅನ್ನೋ ಸಂಶೋಧಕಿ ಶಾಲೆ ಹುಡುಗಿಯರನ್ನ ಕೇಳಿದಾಗ, ತೂಕ ಇಳಿಸೋಕೆ ವಾಂತಿ ಮಾಡ್ಕೋತೀನಿ ಅಂದವರು ಒಬ್ರೂ ಇರ್ಲಿಲ್ಲ, 1998ರಲ್ಲಿ ಮತ್ತೆ ಕೇಳಿದಾಗ 11.3% ಹುಡುಗಿಯರು ಹೌದು ಅಂದ್ರು. ಮೂರೇ ವರ್ಷ, ಅದೂ ಆಗಿನ ಟಿವಿ, ಕೈಯಲ್ಲಿ ಫೋನ್ ಇಲ್ಲದ ಕಾಲ. ಮಗಳು ವೀಕ್ ಅಂತ ಹೀಗಾಗಿದ್ದಲ್ಲ ಅನ್ನೋದು ಅವರಿಗೆ ಅರ್ಥ ಆಗ್ಬೇಕಿತ್ತು, ಆಯ್ತು ಅನ್ಸುತ್ತೆ, ಮನೆಗೆ ಹೋದ್ಮೇಲೆ ಬೈಯೋದು ನಿಂತಿದೆ.

ಹುಡುಗಿಗೆ ಕೊಟ್ಟ ಕೆಲಸ ಸಣ್ಣ ಸಣ್ಣವು. ಫಿಲ್ಟರ್ ಆ್ಯಪ್ ಡಿಲೀಟ್ ಮಾಡೋದು, ಅವಳೇ ಒಪ್ಕೊಂಡು ನನ್ನ ಮುಂದೇನೇ ಮಾಡಿದ್ಲು. ಮೂಗು ನೋಡ್ಕೋಬೇಕು ಅನ್ಸಿದಾಗ ಹತ್ತು ನಿಮಿಷ ಮುಂದಕ್ಕೆ ಹಾಕೋದು, ಬೇಡ ಅಂತಲ್ಲ, ಆಮೇಲೆ ನೋಡ್ತೀನಿ ಅಂತ, ಎಷ್ಟೋ ಸಲ ಹತ್ತು ನಿಮಿಷ ಆಗೋವಷ್ಟರಲ್ಲಿ ಆ ಒತ್ತಡ ತಾನಾಗೇ ಇಳಿದಿರುತ್ತೆ. ಕನ್ನಡಿ ಮುಂದೆ ಒಂದು ಕೈ ದೂರ ನಿಂತು ಪೂರ್ತಿ ಮುಖ ನೋಡೋದು, ಮೂಗಿಗೆ ಅಂಟ್ಕೊಂಡು ನಿಲ್ಲೋದಲ್ಲ, ಚೆಂದ ಕೊಳಕು ಅನ್ನೋ ಪದ ಬಿಟ್ಟು ಇದ್ದದ್ದನ್ನ ಇದ್ದಹಾಗೆ ಹೇಳ್ಕೊಳ್ಳೋದು: ಹುಬ್ಬು ಕಪ್ಪು, ಕೆನ್ನೆ ಮೇಲೆ ಒಂದು ಮಚ್ಚೆ, ಹೀಗೆ. ಸೋಷಿಯಲ್ ಮೀಡಿಯಾ ದಿನಕ್ಕೆ ಒಂದು ಗಂಟೆ. ಈ ಒಂದು ಗಂಟೆ ಸುಮ್ನೆ ಹೇಳಿದ್ದಲ್ಲ, ಕೆನಡಾದಲ್ಲಿ 17ರಿಂದ 25 ವಯಸ್ಸಿನ 220 ವಿದ್ಯಾರ್ಥಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವಾರ ಹಾಗೆ ಕಮ್ಮಿ ಮಾಡಿದವರಿಗೆ ತಮ್ಮ ರೂಪ, ತೂಕದ ಬಗ್ಗೆ ಇದ್ದ ಭಾವನೆ ಸುಧಾರಿಸಿತ್ತು.

ಎಲ್ಲಕ್ಕಿಂತ ಕಷ್ಟದ್ದು ಕ್ಲಾಸಿಗೆ ಹೋಗೋದು. ಹೋಗೋಕೆ ಮುಂಚೆ ಏನಾಗುತ್ತೆ ಅಂತ ಬರೀ ಅಂದೆ. "ಎಲ್ರೂ ನನ್ನ ಮುಖ ನೋಡಿ ಮಾತಾಡ್ಕೋತಾರೆ" ಅಂತ ಬರೆದ್ಲು. ಕೂದಲು ಕಟ್ಕೊಂಡು, ಎರಡನೇ ಬೆಂಚಲ್ಲಿ ಕೂತು, ಯಾರು ನೋಡಿದ್ರು ಏನಂದ್ರು ಅಂತ ಬಂದು ಬರೀಬೇಕು. ಬರೆದಿದ್ದು, ಒಬ್ಳು ನೋಟ್ಸ್ ಕೇಳಿದ್ಲು, ಇನ್ನೊಬ್ಳು ಇಷ್ಟು ದಿನ ಎಲ್ಲಿ ಹೋಗಿದ್ದೆ ಅಂದ್ಲು, ಉಳಿದವರೆಲ್ಲ ಫೋನ್ ನೋಡ್ತಿದ್ರು.

ಆಪರೇಶನ್ ಮಾಡಿಸ್ಲಾ ಅಂತಾನೂ ಕೇಳಿದ್ಲು. ಅದು ನಿನ್ನ ಮುಖ, ನಿನ್ನ ನಿರ್ಧಾರ, ಆದ್ರೆ ದಿನಕ್ಕೆ ಗಂಟೆಗಟ್ಲೆ ಇದೇ ಯೋಚನೆ ಇರೋವಾಗ ನಿರ್ಧಾರ ಬೇಡ, ಈ ಥರ ತೊಳಲಾಟದಲ್ಲಿ ಆಪರೇಶನ್ ಮಾಡಿಸ್ಕೊಂಡವರಲ್ಲಿ ಹೆಚ್ಚಿನವರಿಗೆ ಸಮಾಧಾನ ಸಿಗಲ್ಲ, ಕೊರಗು ಬೇರೆ ಜಾಗಕ್ಕೆ ಹೋಗುತ್ತೆ ಅಂದೆ. ಸದ್ಯಕ್ಕೆ ಆ ಮಾತು ಪಕ್ಕಕ್ಕಿಟ್ಟಿದಾಳೆ.

ಈಗ ದಿನಾ ಕ್ಲಾಸಿಗೆ ಹೋಗ್ತಾಳೆ. ಗ್ರೂಪ್ ಫೋಟೋ ಅಂದ್ರೆ ಇನ್ನೂ ಹಿಂದೆ ಸರೀತಾಳೆ, ಪರೀಕ್ಷೆ ಹತ್ರ ಬಂದಾಗ ಕನ್ನಡಿ ಮುಂದೆ ನಿಲ್ಲೋದು ಮತ್ತೆ ಜಾಸ್ತಿ ಆಗಿತ್ತು. ಒತ್ತಡ ಇದ್ದಾಗ ಹಳೇ ಅಭ್ಯಾಸ ಹೀಗೆ ತಲೆ ಎತ್ತುತ್ತೆ, ಅದನ್ನ ಮೊದ್ಲೇ ಹೇಳಿಟ್ಟಿದ್ದರಿಂದ ಗಾಬರಿ ಆಗದೆ ಫೋನ್ ಮಾಡಿದ್ಲು, ಹತ್ತು ನಿಮಿಷದ ಅಭ್ಯಾಸ ಮತ್ತೆ ಮೊದಲಿಂದ ಶುರು ಮಾಡಿದೀವಿ. ಸೆಷನ್ ತಿಂಗಳಿಗೊಂದು ಮುಂದುವರೀತಿದೆ.