ಅವ್ವನ ಕಣ್ಣಿಗೆ ಸ್ಪೆಕ್ಟ್ರಲ್ ಇಮೇಜಿಂಗ್ ಮಾಡಿಸಬೇಕಾ?

ನೀವು ಕೇಳಿದ್ದು: ಗದಗಿನಲ್ಲಿರುವ ನಿಮ್ಮ ಅವ್ವನಿಗೆ ಹತ್ತು ವರ್ಷದಿಂದ ಶುಗರ್ ಇದೆ. ಮೈಕ್ರೋಸ್ಕೋಪಿನಲ್ಲಿ ಸ್ಪೆಕ್ಟ್ರಲ್ ಇಮೇಜಿಂಗ್ ಮಾಡಿದರೆ ಕಣ್ಣಿನ ತೊಂದರೆ ಬೇಗ ಗೊತ್ತಾಗುತ್ತದೆ ಎಂದು ಓದಿದ್ದೀರಿ. ಹುಬ್ಬಳ್ಳಿಯಲ್ಲಿ ಅದನ್ನು ಎಲ್ಲಿ ಮಾಡುತ್ತಾರೆ?

ಅದು ರೋಗಿಗಳಿಗೆ ಮಾಡುವ ಪರೀಕ್ಷೆಯೇ ಅಲ್ಲ. ನಾನು ಧಾರವಾಡದಲ್ಲಿ ಎಂ.ಎಸ್‌ಸಿ. ಮುಗಿಸಿ, ಈಗ ಇಂಥ ಮೈಕ್ರೋಸ್ಕೋಪ್ ಇರುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅದರ ಕೆಳಗೆ ಇಡುವುದು ಗಾಜಿನ ಸ್ಲೈಡಿನ ಮೇಲಿನ ರೆಟಿನಾ, ಅಂದರೆ ಕಣ್ಣಿನ ಒಳಪರದೆ. ಅದು ದಾನವಾಗಿ ಬಂದ ಕಣ್ಣಿನದ್ದು, ಇಲ್ಲವೇ ಇಲಿಯದ್ದು. ನಿಮ್ಮ ಅವ್ವನ ರೆಟಿನಾವನ್ನು ಹಾಗೆ ಸ್ಲೈಡಿಗೆ ತರಲು ಬರುವುದಿಲ್ಲ, ಅಲ್ವಾ?

ಹಾಗಾದರೆ ಅದರಿಂದ ಏನು ಉಪಯೋಗ? ಮಾಮೂಲಿ ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರೇ ಪಾಲು ಮಾಡುತ್ತದೆ. ಸ್ಪೆಕ್ಟ್ರಲ್ ಕ್ಯಾಮೆರಾ ಹತ್ತಾರು ಪಾಲು ಮಾಡುತ್ತದೆ. ಚಿತ್ರದ ಒಂದೊಂದು ಚುಕ್ಕೆಯಲ್ಲೂ ಯಾವ ಬಣ್ಣದ ಬೆಳಕು ಎಷ್ಟಿದೆ ಎಂದು ಗೊತ್ತಾಗುತ್ತದೆ. ಬೆಟಗೇರಿ ಸೀರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಕೆಂಪಾಗಿ ಕಂಡ ಎರಡು ನೂಲು ಬಿಸಿಲಿಗೆ ತಂದಾಗ ಬೇರೆ ಬೇರೆ ಎಂದು ತಿಳಿಯುತ್ತದಲ್ಲ, ಹಾಗೆ. ಕಣ್ಣಿಗೆ ಒಂದೇ ಎನಿಸುವ ಎರಡು ಬಣ್ಣ ಇಲ್ಲಿ ಬೇರೆಯಾಗುತ್ತವೆ.

ಶುಗರ್ ಕಾಯಿಲೆಯ ಸಂಶೋಧನೆಯಲ್ಲಿ ಇದು ತುಂಬಾ ಬೇಕಾಗುತ್ತದೆ. ರೆಟಿನಾದ ಅತಿ ಸಣ್ಣ ರಕ್ತನಾಳಗಳನ್ನು ಪೆರಿಸೈಟ್ ಎಂಬ ಜೀವಕೋಶಗಳು ಹೊರಗಿನಿಂದ ಅಪ್ಪಿಕೊಂಡಿರುತ್ತವೆ. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ಬೇಗ ಸಾಯುವ ಕೋಶಗಳಲ್ಲಿ ಇವೂ ಸೇರಿವೆ. ಆಮೇಲೆ ನಾಳದ ಗೋಡೆ ಸಡಿಲವಾಗಿ ಸಣ್ಣ ಸಣ್ಣ ಉಬ್ಬು ಬರುತ್ತದೆ, ಸೋರಿಕೆ ಶುರುವಾಗುತ್ತದೆ. 1960ರ ಸುಮಾರಿಗೆ ಕುವಾಬಾರಾ ಮತ್ತು ಕೋಗನ್ ಎಂಬ ವಿಜ್ಞಾನಿಗಳು ಟ್ರಿಪ್ಸಿನ್ ಎಂಬ ಕಿಣ್ವದಿಂದ ರೆಟಿನಾದ ಉಳಿದ ಭಾಗವನ್ನೆಲ್ಲ ಕರಗಿಸಿ, ಬರೀ ರಕ್ತನಾಳಗಳ ಬಲೆ ಉಳಿಸಿಕೊಳ್ಳುವ ದಾರಿ ತೋರಿಸಿದರು. ಆ ಬಲೆಗೆ ಬಣ್ಣ ಹಾಕಿ ಪೆರಿಸೈಟ್‌ಗಳನ್ನು ಎಣಿಸುತ್ತಾರೆ. ಪೆರಿಸೈಟಿನ ನ್ಯೂಕ್ಲಿಯಸ್, ಅಂದರೆ ಕೋಶದ ಕೇಂದ್ರ, ದುಂಡಗೆ, ಗಾಢವಾಗಿರುತ್ತದೆ. ನಾಳದ ಒಳಗೋಡೆಯ ಕೋಶದ್ದು ಸ್ವಲ್ಪ ಉದ್ದ, ತಿಳಿ. ಆದರೆ ಎಷ್ಟು ಗಾಢ ಎಂಬುದನ್ನು ಬರೀ ಕಣ್ಣಂದಾಜಿನಲ್ಲಿ ಹೇಳಿದರೆ ಒಬ್ಬರ ಎಣಿಕೆ ಇನ್ನೊಬ್ಬರದಕ್ಕೆ ಹೊಂದುವುದು ಕಷ್ಟ. ಸ್ಪೆಕ್ಟ್ರಲ್ ಚಿತ್ರದಲ್ಲಿ ಯಾವ ಬಣ್ಣ ಎಷ್ಟು ಹಿಡಿದಿದೆ ಎಂದು ಚುಕ್ಕೆ ಚುಕ್ಕೆಗೂ ಲೆಕ್ಕ ಹಾಕಬಹುದು. ಹೊಳೆಯುವ ಬಣ್ಣಗಳನ್ನು ಬಳಸಿದಾಗಲೂ ಹೀಗೇ. ವಯಸ್ಸಾದವರ ಕಣ್ಣಿನಲ್ಲಿ ಲಿಪೋಫಸಿನ್ ಎಂಬ ವಸ್ತು ಸೇರಿಕೊಂಡು ತಾನೇ ಹೊಳೆಯುತ್ತದೆ. ಆ ಹೊಳಪನ್ನು ಬಣ್ಣದ ಹೊಳಪಿನಿಂದ ಬೇರೆ ಮಾಡದಿದ್ದರೆ ತಪ್ಪು ಓದುತ್ತೇವೆ.

ಬದುಕಿರುವವರ ಕಣ್ಣಿಗೆ ಇದೇ ಜಾತಿಯ ಒಂದು ವಿಧಾನ ಇದೆ, ರೆಟಿನಾ ಆಕ್ಸಿಮೆಟ್ರಿ, ಅಂದರೆ ರೆಟಿನಾದ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಳೆಯುವುದು. ಅದಕ್ಕೆ ಮೈಕ್ರೋಸ್ಕೋಪ್ ಬೇಡ. ಕಣ್ಣಿನ ಫೋಟೋವನ್ನು ಸುಮಾರು 570 ಮತ್ತು 600 ನ್ಯಾನೋಮೀಟರ್ ತರಂಗಾಂತರದ, ಅಂದರೆ ಎರಡು ಬೇರೆ ಬಣ್ಣದ, ಬೆಳಕಿನಲ್ಲಿ ತೆಗೆಯುತ್ತಾರೆ. 570ರಲ್ಲಿ ಆಕ್ಸಿಜನ್ ಇರುವ ರಕ್ತ, ಇಲ್ಲದ ರಕ್ತ ಎರಡೂ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. 600ರಲ್ಲಿ ಆಕ್ಸಿಜನ್ ಕಡಿಮೆ ಇರುವುದು ಕಪ್ಪಾಗಿ ಕಾಣುತ್ತದೆ. ಶುಗರ್‌ನಿಂದ ರೆಟಿನಾ ಹಾಳಾದವರಲ್ಲಿ, ಕಣ್ಣಿನಿಂದ ವಾಪಸ್ ಹೋಗುವ ರಕ್ತದಲ್ಲಿ ಆಕ್ಸಿಜನ್ ಕಡಿಮೆ ಅಲ್ಲ, ಜಾಸ್ತಿ ಸಿಕ್ಕಿದೆ! ಅಂದರೆ ಆಕ್ಸಿಜನ್ ಬಂದಿದೆ, ರೆಟಿನಾಕ್ಕೆ ಸರಿಯಾಗಿ ದಕ್ಕಿಲ್ಲ. ಮುಚ್ಚಿಹೋದ ನಾಳಗಳನ್ನು ಬಿಟ್ಟು ರಕ್ತ ಬೇರೆ ದಾರಿ ಹಿಡಿಯುವುದು ಇದಕ್ಕೆ ಒಂದು ಕಾರಣ ಎನ್ನುತ್ತಾರೆ. ನನಗೆ ಈ ವಿಷಯದಲ್ಲಿ ಅತಿ ದೊಡ್ಡ ಸಂಗತಿ ಎನಿಸುವುದು ಇದೇ. ಆದರೆ ಇದೂ ಹೆಚ್ಚಾಗಿ ಸಂಶೋಧನೆಯಲ್ಲೇ ಇದೆ.

ಅವ್ವನಿಗೆ ಬೇಕಾದ ಪರೀಕ್ಷೆ ಸರಳ: ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲ ಮಾಡಿ, ರೆಟಿನಾ ನೋಡುವುದು. ವರ್ಷಕ್ಕೊಮ್ಮೆಯಾದರೂ ಆಗಬೇಕು. ಆಕಡೆ ಅವ್ವಂದಿರು “ನನಗ ಚಲೋ ಕಾಣಸ್ತೈತಿ, ದವಾಖಾನಿ ಯಾಕ?” ಎನ್ನುತ್ತಾರೆ. ದಯವಿಟ್ಟು ಆ ಮಾತು ಕೇಳಿ ಸುಮ್ನೆ ಇರಬೇಡಿ. ಕಣ್ಣು ಮಂಜಾಗುವ ಮೊದಲೇ ರೆಟಿನಾ ಸಾಕಷ್ಟು ಕೆಟ್ಟಿರಬಹುದು. ಊತದ ಅನುಮಾನ ಬಂದರೆ ಡಾಕ್ಟರೇ ಓಸಿಟಿ (ಬೆಳಕಿನಿಂದ ರೆಟಿನಾದ ಪದರಗಳನ್ನು ತೋರಿಸುವ) ಸ್ಕ್ಯಾನ್ ಬರೆಯುತ್ತಾರೆ. ಲೇಸರ್, ಇಂಜೆಕ್ಷನ್ ಎರಡೂ ಸಮಯಕ್ಕೆ ಸಿಕ್ಕರೆ ದೃಷ್ಟಿ ಉಳಿಸುತ್ತವೆ. ಹುಬ್ಬಳ್ಳಿಯ ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ಇದಕ್ಕೆ ರೆಟಿನಾ ಡಾಕ್ಟರೇ ಇರುತ್ತಾರೆ.

ಶುಗರ್, ಬಿಪಿ ರಿಪೋರ್ಟ್ ಜೊತೆಗಿರಲಿ. ರೆಟಿನಾದ ಫೋಟೋ ತೆಗೆದರೆ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ, ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜಾಗಿ ಕಾಣುತ್ತದೆ, ಬಿಸಿಲು ಕುಕ್ಕುತ್ತದೆ. ಹಾಗಾಗಿ ಅವರನ್ನು ಒಬ್ಬರೇ ಬಸ್ ಹತ್ತಿಸಬೇಡಿ, ಜೊತೆಗೆ ಯಾರಾದರೂ ಹೋಗಿ.