ಓದುಗರ ಪ್ರಶ್ನೆ, ನಮ್ಮ ಉತ್ತರ: ಹೆಡ್‌ಫೋನಿನಲ್ಲಿ ಬಿಡದೆ ಕೇಳುವ ಗುಂಯ್ ಸದ್ದು

ಪ್ರಶ್ನೆ: ಕಿಟ್ ತರಿಸಿಕೊಂಡು, ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಹೆಡ್‌ಫೋನ್ ಆಂಪ್ಲಿಫೈಯರ್ ಒಂದನ್ನು ನಾನೇ ಜೋಡಿಸಿದ್ದೇನೆ. ಮೊಬೈಲಿನಿಂದ ಹಾಡು ಕೇಳಿದರೆ ಯಾವ ತೊಂದರೆಯೂ ಇಲ್ಲ. ಕಂಪ್ಯೂಟರಿಗೆ ಜೋಡಿಸಿದರೆ ಹಾಡಿನ ಹಿಂದೆ ಸದಾ ‘ಗುಂಯ್’ ಎನ್ನುತ್ತದೆ. ಪರಿಚಯದವರೊಬ್ಬರ ಮಾತಿನಂತೆ ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿ ಅರ್ಥ್ ತಂತಿಯನ್ನು ಬಿಚ್ಚಿದೆ, ಸದ್ದು ನಿಂತಿತು. ಹೀಗೆಯೇ ಬಿಡಬಹುದೇ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ದಯವಿಟ್ಟು ಬಿಡಬೇಡಿ. ಮೊದಲು ಆ ತಂತಿಯನ್ನು ಮತ್ತೆ ಬಿಗಿದು, ಆಮೇಲೆ ಮುಂದಕ್ಕೆ ಓದಿ. ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಎಂದಾದರೂ ಕೆಟ್ಟು ಫೇಸ್ ಪೆಟ್ಟಿಗೆಗೆ ತಗುಲಿದರೆ, ಅರ್ಥ್ ಇದ್ದಾಗ ಭಾರೀ ಕರೆಂಟು ಹರಿದು ಫ್ಯೂಸ್ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಪೆಟ್ಟಿಗೆಯೇ 230 ವೋಲ್ಟಿನಲ್ಲಿ ನಿಲ್ಲಬಹುದು, ಹೆಡ್‌ಫೋನಿನ ತಂತಿ ಅದನ್ನು ನಿಮ್ಮ ಕಿವಿಯವರೆಗೂ ತರಬಲ್ಲದು. ಮಳೆಗಾಲದಲ್ಲಿ ಗೋಡೆ, ನೆಲವೆಲ್ಲ ತೇವವಾಗಿ, ಉಪ್ಪುಗಾಳಿಗೆ ಲೋಹವೆಲ್ಲ ಕಿಲುಬು ಹಿಡಿಯುವ ಕರಾವಳಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಮೊಬೈಲಿನಿಂದ ನೀವು ಮಾಡಿದ ಪರೀಕ್ಷೆ ಅರ್ಧ ಕೆಲಸವನ್ನು ಮುಗಿಸಿದೆ. ಬ್ಯಾಟರಿಯಲ್ಲಿ ನಡೆಯುವ ಮೊಬೈಲಿಗೂ ಮನೆಯ ಅರ್ಥ್‌ಗೂ ಸಂಬಂಧವಿಲ್ಲ. ಅದರೊಂದಿಗೆ ಸದ್ದಿಲ್ಲವೆಂದರೆ ಆಂಪ್ಲಿಫೈಯರ್ ಚೆನ್ನಾಗಿಯೇ ಇದೆ. ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ಮೂರು ಪಿನ್ನಿನ ಪ್ಲಗ್ ಇರುವುದರಿಂದ ಗೋಡೆಯೊಳಗಿನ ಅರ್ಥ್ ತಂತಿ ಎರಡನ್ನೂ ಒಂದು ಕಡೆಯಿಂದ ಸೇರಿಸಿದೆ, ಆಡಿಯೊ ಕೇಬಲ್ಲಿನ ಶೀಲ್ಡ್ (ಒಳತಂತಿಯನ್ನು ಸುತ್ತುವರಿದ ಲೋಹದ ಹೊದಿಕೆ) ಇನ್ನೊಂದು ಕಡೆಯಿಂದ ಸೇರಿಸಿ ಸುತ್ತನ್ನು ಪೂರ್ಣಗೊಳಿಸಿದೆ. ಗ್ರೌಂಡ್ ಲೂಪ್ ಎನ್ನುವುದು ಇದನ್ನೇ. ಕಂಪ್ಯೂಟರಿನ ಪವರ್ ಸಪ್ಲೈಯಿಂದ ಅರ್ಥ್‌ಗೆ ಸದಾ ಸೋರುವ ಅಲ್ಪ ಕರೆಂಟು ಮತ್ತು ವೈರಿಂಗಿನ ಸುತ್ತಲಿರುವ 50 ಹರ್ಟ್ಸ್‌ನ ಕಾಂತಕ್ಷೇತ್ರ ಸೇರಿ ಈ ಶೀಲ್ಡಿನಲ್ಲಿ ಕರೆಂಟು ಹರಿಸುತ್ತವೆ. ಶೀಲ್ಡಿನ ರೋಧ 0.1 ಓಮ್, ಕರೆಂಟು 10 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ಅದರ ಎರಡು ತುದಿಗಳ ನಡುವೆ 1 ಮಿಲಿವೋಲ್ಟ್ ಹುಟ್ಟಿ ಹಾಡಿನ ಸಿಗ್ನಲ್ಲಿಗೆ ಸೇರಿಕೊಳ್ಳುತ್ತದೆ. ದೂರದ ಸ್ಪೀಕರಿನಲ್ಲಿ ಗಮನಕ್ಕೆ ಬಾರದ ಇಷ್ಟು ಸಣ್ಣ ವೋಲ್ಟೇಜು, ಐದು ಪಟ್ಟು ವರ್ಧನೆಗೊಂಡು ಕಿವಿಯೊಳಗಿನ ಸೂಕ್ಷ್ಮ ಇಯರ್‌ಫೋನಿಗೆ ಬಂದಾಗ ಚೆನ್ನಾಗಿ ಕೇಳಿಸುತ್ತದೆ. ಈ ಸುತ್ತನ್ನು ಸಿಗ್ನಲ್ಲಿನ ಕಡೆಯಲ್ಲಿ ಬಿಡಿಸಬೇಕು, ಅರ್ಥ್‌ನ ಕಡೆಯಲ್ಲಿ ಎಂದಿಗೂ ಕೂಡದು.

ಖರ್ಚಿಲ್ಲದ ಉಪಾಯವನ್ನು ಮೊದಲು ಮಾಡಿ: ಎರಡೂ ಪ್ಲಗ್ಗುಗಳನ್ನು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಆಡಿಯೊ ಕೇಬಲ್ ಆದಷ್ಟು ಗಿಡ್ಡದಾಗಿರಲಿ. ಅನೇಕ ಮನೆಗಳಲ್ಲಿ ಇಷ್ಟಕ್ಕೇ ಸದ್ದು ತಗ್ಗುತ್ತದೆ. ತಗ್ಗದಿದ್ದರೆ ಪ್ಲಗ್ ಕಿತ್ತು, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರುಗಳು ಖಾಲಿಯಾಗುವವರೆಗೆ ಕಾದು, ಪೆಟ್ಟಿಗೆ ತೆರೆಯಿರಿ. ಹಸಿರು ಅರ್ಥ್ ತಂತಿಯು ಬಣ್ಣ ಕೆರೆದ ಜಾಗದಲ್ಲಿ ಹಲ್ಲಿನ ವಾಷರ್ ಹಾಕಿ ನೇರವಾಗಿ ಪೆಟ್ಟಿಗೆಗೇ ಬಿಗಿದಿರಬೇಕು. ಅದನ್ನು ಹಾಗೆಯೇ ಬಿಡಿ. ಸರ್ಕ್ಯೂಟಿನ ಗ್ರೌಂಡು ಪೆಟ್ಟಿಗೆಯನ್ನು ಸೇರುವಲ್ಲಿ ಮಾತ್ರ ತಂತಿಯ ಬದಲು 10 ಓಮ್ ರೆಸಿಸ್ಟರನ್ನೂ, ಅದಕ್ಕೆ ಸಮಾಂತರವಾಗಿ ಒಂದಕ್ಕೊಂದು ತಿರುವುಮುರುವಾದ ಎರಡು ಹೆಚ್ಚು ಆಂಪಿಯರಿನ ಡಯೋಡುಗಳನ್ನೂ ಹಾಕಿ. ಲೂಪಿನ ವೋಲ್ಟೇಜಿನ ಬಹುಪಾಲು ಶೀಲ್ಡನ್ನು ಬಿಟ್ಟು ರೆಸಿಸ್ಟರಿನ ಮೇಲೆ ಬೀಳುತ್ತದೆ; ಒಳಗೆ ದೋಷವೇನಾದರೂ ಆದರೆ ಡಯೋಡುಗಳು ಕರೆಂಟನ್ನು ಅರ್ಥ್‌ಗೆ ಒಯ್ಯುತ್ತವೆ. ಹಲವರು ಎಡವುವುದು ಇದರ ನಂತರ: ಆಡಿಯೊ ಕೇಬಲ್ ಚುಚ್ಚುವ ಆರ್‌ಸಿಎ ಸಾಕೆಟ್ಟಾಗಲಿ ಹೆಡ್‌ಫೋನ್ ಜ್ಯಾಕಾಗಲಿ ಪೆಟ್ಟಿಗೆಯ ಲೋಹಕ್ಕೆ ತಗುಲಿದ್ದರೆ ರೆಸಿಸ್ಟರ್ ಇದ್ದೂ ಇಲ್ಲದಂತೆಯೇ. ಪ್ಲಾಸ್ಟಿಕ್ ವಾಷರ್ ಹಾಕಿ ಅವನ್ನು ಬೇರ್ಪಡಿಸಿ, ಕೇಬಲ್ಲುಗಳನ್ನೆಲ್ಲ ತೆಗೆದು, ಸಾಕೆಟ್ಟಿನ ಹೊರ ಉಂಗುರಕ್ಕೂ ಪೆಟ್ಟಿಗೆಗೂ ಮೀಟರ್ ಹಿಡಿಯಿರಿ. ಸುಮಾರು 10 ಓಮ್ ತೋರಬೇಕು.

ಬೆಸುಗೆಯ ಕೆಲಸ ಬೇಡವೆನಿಸಿದರೆ ಕೇಬಲ್ಲಿನ ನಡುವೆ, ತಂತಿಯ ನೇರ ಸಂಪರ್ಕವಿಲ್ಲದೆ ಸಿಗ್ನಲ್ ದಾಟಿಸುವ 1:1 ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ತೀರಾ ಅಗ್ಗದವು ಮಂದ್ರವನ್ನು ತುಸು ಕುಂದಿಸುತ್ತವೆ. ಯುಎಸ್‌ಬಿ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಸಿಗ್ನಲ್ಲನ್ನು ಆಡಿಯೊ ಆಗಿಸುವ ಸಾಧನ) ಕೊಂಡರೆ ಸಾಕೆಂದು ದುಡ್ಡು ಸುರಿಯಬೇಡಿ. ಯುಎಸ್‌ಬಿ ಕೇಬಲ್ಲಿನಲ್ಲಿಯೂ ಗ್ರೌಂಡ್ ತಂತಿ ಇರುತ್ತದೆ.

ಪ್ರಶ್ನೆ: ನನ್ನ ಹಳೆಯ ಆಂಪ್ಲಿಫೈಯರಿಗೆ ಏನನ್ನೂ ಜೋಡಿಸದಿದ್ದರೂ, ವಾಲ್ಯೂಮ್ ಪೂರ್ತಿ ಇಳಿಸಿದರೂ ‘ಝರ್’ ಎನ್ನುವ ಸದ್ದು ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಇನ್ವರ್ಟರ್ ಬಂದರೆ ಇನ್ನೂ ಹೆಚ್ಚು.
– ಓದುಗರು, ಶಿರಸಿ

ಉತ್ತರ: ಇದು ಗ್ರೌಂಡ್ ಲೂಪ್ ಅಲ್ಲ. ವಾಲ್ಯೂಮಿಗೆ ಬಗ್ಗದ ಸದ್ದು ವಾಲ್ಯೂಮ್ ಕಂಟ್ರೋಲಿನ ನಂತರ ಸೇರಿಕೊಂಡದ್ದು, ಹೆಚ್ಚಾಗಿ ಪವರ್ ಸಪ್ಲೈಯಿಂದ. ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರಿನಿಂದ ಬರುವ ಅಲೆ 100 ಹರ್ಟ್ಸ್‌ನದು, ಅದರ ಗುಣಕಗಳೂ ಸೇರುವುದರಿಂದ ಅದು ಗುಂಯ್ ಎನ್ನುವುದಕ್ಕಿಂತ ಕರ್ಕಶವಾಗಿ ಕೇಳುತ್ತದೆ. ಹಳೆಯದೆಂದಿದ್ದೀರಿ, ಒಣಗಿ ಸಾಮರ್ಥ್ಯ ಕಳೆದುಕೊಂಡ ಫಿಲ್ಟರ್ ಕೆಪಾಸಿಟರುಗಳನ್ನು, ಅಷ್ಟೇ ಅಥವಾ ಹೆಚ್ಚು ವೋಲ್ಟೇಜಿನವನ್ನು ತಂದು, ಬದಲಿಸಿ. ಇನ್ವರ್ಟರ್ ಸೈನ್ ವೇವ್‌ನದೇ ಎಂದು ನೋಡಿ. ಚೌಕ ಅಲೆಯ ಇನ್ವರ್ಟರ್ ಅನೇಕ ಮೇಲಿನ ಆವರ್ತನಗಳನ್ನೂ ಒಳಕ್ಕೆ ತಳ್ಳುತ್ತದೆ.

ಪ್ರಶ್ನೆ: ಟಿವಿಯ ಆಡಿಯೊವನ್ನು ಆಂಪ್ಲಿಫೈಯರಿಗೆ ಕೊಟ್ಟಿದ್ದೇನೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಂಯ್‌ಗುಡುತ್ತದೆ, ಮಳೆ ಹಿಡಿದ ಮೇಲೆ ಕಡಿಮೆಯಾಗುತ್ತದೆ. ಕಾರಣವೇನು?
– ಓದುಗರು, ಕುಮಟಾ

ಉತ್ತರ: ಕೇಬಲ್ ಟಿವಿಯ ತಂತಿಯನ್ನು ಸೆಟ್‌ಟಾಪ್ ಬಾಕ್ಸಿನಿಂದ ಕಿತ್ತು ನೋಡಿ. ಸದ್ದು ನಿಂತರೆ, ಆ ತಂತಿಯ ಶೀಲ್ಡ್ ಹೊರಗೆಲ್ಲೋ ಬೇರೆ ನೆಲಕ್ಕೆ ಸೇರಿರುವುದೇ ಕಾರಣ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಒಣಗಿ ನಿಮ್ಮ ಅರ್ಥ್ ಗುಂಡಿಯ ರೋಧ ಏರುತ್ತದೆ. ಆಗ ಮನೆಯ ಸೋರಿಕೆ ಕರೆಂಟು ಆಂಪ್ಲಿಫೈಯರ್ ಮತ್ತು ಟಿವಿಯ ಮೂಲಕ ಆ ಶೀಲ್ಡನ್ನೇ ದಾರಿಯಾಗಿ ಹಿಡಿಯುತ್ತದೆ. ಕೇಬಲ್ ತಂತಿಗೆ, ಸಿಗ್ನಲ್ಲನ್ನು ದಾಟಿಸಿ ಲೋಹದ ನೇರ ಸಂಪರ್ಕವನ್ನು ತಪ್ಪಿಸುವ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಿ. ಅದಕ್ಕಿಂತ ಮುಖ್ಯವಾಗಿ, ಅರ್ಥ್ ಗುಂಡಿಗೆ ಬೇಸಿಗೆಯುದ್ದಕ್ಕೂ ನೀರು ಹಾಕುತ್ತಿರಿ, ಪೈಪಿಗೆ ತಂತಿ ಬಿಗಿದ ಬೋಲ್ಟು ತುಕ್ಕು ಹಿಡಿದಿದ್ದರೆ ಬದಲಿಸಿ, ಮಳೆಗಾಲಕ್ಕೆ ಮೊದಲೇ ಎಲೆಕ್ಟ್ರಿಶಿಯನ್ನರಿಂದ ಅರ್ಥ್‌ನ ರೋಧವನ್ನು ಅಳೆಯಿಸಿ.